ಚಿತ್ರಶಾಲೆ, ಚಿತ್ರಕಾರ ಮತ್ತು ನಷ್ಟದ ಪಾಲು

೧

ಚಿತ್ರಶಾಲೆ ಎಂಬ ಶಬ್ದ ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ರಾಣಿ ಧಾರಿಣಿ ಚಿತ್ರಶಾಲೆಯಲ್ಲಿ ಕುಳಿತು, ಬಣ್ಣದ ಹಸಿ ಇನ್ನೂ ಆರದ ಚಿತ್ರವೊಂದನ್ನು ನೋಡುತ್ತಿರುವಾಗ ಅರಸನು ಅಲ್ಲಿಗೆ ಬರುತ್ತಾನೆ. ಚಿತ್ರದಲ್ಲಿದ್ದ ಮಾಲವಿಕೆ ಅವನ ಕಣ್ಣಿಗೆ ಬೀಳುತ್ತಾಳೆ. ನಾಟಕದ ಕಥೆ ಅಲ್ಲಿಂದ ಹೊರಡುತ್ತದೆ. ಆ ಚಿತ್ರವನ್ನು ಬರೆದವನು ಅರಮನೆಯ ಆಚಾರ್ಯನೆಂಬಷ್ಟನ್ನೇ ಕವಿ ತಿಳಿಸಿದ್ದಾನೆ. ಆಚಾರ್ಯನ ಹೆಸರೇನು, ಅವನಿಗೆ ಸಂದುದೇನು ಎಂಬುದನ್ನು ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅರಮನೆಯ ಚಿತ್ರಕಾರನಿಗೆ ಅರಮನೆಯೇ ಅನ್ನ ಹಾಕುತ್ತಿತ್ತು.

ಪುಣೆಯಲ್ಲಿ ಇದೇ ಶಬ್ದ ೧೮೭೮ರಲ್ಲಿ ಅರಮನೆಯನ್ನು ಬಿಟ್ಟು ಪೇಟೆಗೆ ಬಂದಿತು. ಆ ವರ್ಷ ವಿಷ್ಣುಶಾಸ್ತ್ರಿ ಚಿಪಳೂಣಕರರೂ ಅವರ ಮಿತ್ರರೂ ಸ್ಥಾಪಿಸಿದ ‘ಚಿತ್ರಶಾಳಾ’ ಚಿತ್ರಗಳನ್ನು ತೂಗುಹಾಕುವ ಮನೆಯಾಗಿರಲಿಲ್ಲ. ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಮಾರುವ ಮುದ್ರಣಾಲಯವಾಗಿತ್ತು. ಇಂದು ಚಿತ್ರಶಾಲೆಯೆಂದರೆ ಗ್ಯಾಲರಿ ಎಂಬ ಮೂರನೆಯ ಅರ್ಥ ರೂಢಿಗೆ ಬಂದಿದೆ. ಅರಮನೆ, ಅಚ್ಚುಕೂಟ, ಗ್ಯಾಲರಿ ಎಂಬ ಈ ಮೂರರ ನಡುವೆ ಚಿತ್ರಕಾರನ ಜೀವನೋಪಾಯದ ಇತಿಹಾಸವೇ ಅಡಗಿದೆಯೆನ್ನಬಹುದು.

ಚಿತ್ರವನ್ನು ಮಾರುವ ವಿಷಯದಲ್ಲಿ ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಕಲೆಗೆ ಬೆಲೆ ಕಟ್ಟಲಾಗದು, ಆದುದರಿಂದ ಮಾರಾಟದ ಮಾತು ಕಲಾವಿದನಿಗೆ ಶೋಭಿಸದು ಎಂಬುದು ಒಂದು. ಪೇಟೆಯಲ್ಲಿ ದೊರೆತ ಬೆಲೆಯೇ ಚಿತ್ರದ ಯೋಗ್ಯತೆಗೆ ಅಳತೆಗೋಲು ಎಂಬುದು ಇನ್ನೊಂದು. ಇವೆರಡೂ ವಿಚಾರಕ್ಕೆ ನಿಲ್ಲುವುದಿಲ್ಲ. ಕಲೆಗೆ ಬೆಲೆ ಕಟ್ಟಲಾಗದು ಎನ್ನುವವನು ಅನೇಕ ಸಲ ಬೆಲೆ ಕೊಡಲು ಒಲ್ಲದವನೇ ಆಗಿರುತ್ತಾನೆ. ಬೆಲೆಯೇ ಅಳತೆ ಎನ್ನುವವನಿಗೆ, ಬೆಲೆಯನ್ನು ಯಾರು ಯಾವ ಆಧಾರದಿಂದ ಕಟ್ಟಿದರೆಂಬ ಪ್ರಶ್ನೆಗೆ ಉತ್ತರ ಹೇಳಲಾಗುವುದಿಲ್ಲ. ಆದುದರಿಂದ ಈ ವಾದಗಳನ್ನು ಬದಿಗಿಟ್ಟು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಲೇಸು. ಮಾರಾಟವಾದ ಚಿತ್ರದ ಲಾಭ ಯಾರಿಗೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಮಾರಾಟವಾಗದೆ ಉಳಿದ ಚಿತ್ರದ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ? ಸ್ವತಂತ್ರ ಚಿತ್ರಕಾರನ ಸ್ವಾತಂತ್ರ್ಯದ ನಿಜವಾದ ಪರಿಮಾಣ ಈ ಪ್ರಶ್ನೆಯ ಉತ್ತರದಲ್ಲಿದೆ.

೨

ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ, ಪೇಶವೆ ಸವಾಯಿ ಮಾಧವರಾಯರ ದರಬಾರಿನಲ್ಲಿ ಇಂಗ್ಲಿಷ್ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟ್ ಎಂಬವನು ಪುಣೆಯಲ್ಲಿ ದೇಶೀಯ ಚಿತ್ರಕಾರರಿಗಾಗಿ ಒಂದು ಶಾಲೆಯನ್ನು ಏರ್ಪಡಿಸಿದ್ದನು. ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್‌ನಿಗೂ ಆ ಕೆಲಸಕ್ಕೂ ಸಂಬಂಧವಿತ್ತು. ಆ ವಲಯದಿಂದ ಬಂದ ಗಂಗಾರಾಮ ತಾಂಬಟನು ಎಲ್ಲೋರದ ಗುಹಾಲಯಗಳನ್ನು ಬರೆದ ರೇಖಾಚಿತ್ರಗಳು ಇಂದಿಗೂ ವಿದ್ವಾಂಸರ ಮನ್ನಣೆಗೆ ಪಾತ್ರವಾಗಿವೆ. ಗಂಗಾರಾಮನು ಚಿತ್ರ ಮಾರಾಟವಾಗುವುದೋ ಇಲ್ಲವೋ ಎಂದು ಚಿಂತಿಸಬೇಕಾಗಿರಲಿಲ್ಲ, ನಷ್ಟವೆಲ್ಲ ಆಶ್ರಯದಾತನದು. ಆದರೆ ಏನನ್ನು ಬರೆಯಬೇಕು, ಯಾವ ರೀತಿಯಲ್ಲಿ ಬರೆಯಬೇಕು ಎಂಬ ನಿರ್ಣಯವೂ ಆಶ್ರಯದಾತನದೇ ಆಗಿತ್ತು. ಆ ಅಧಿಕಾರಿ ಊರು ಬಿಟ್ಟ ಮೇಲೆ ಶಾಲೆಯೂ ಬಾಳಲಿಲ್ಲ. ಒಂದೇ ಕಂಬದ ಮೇಲೆ ನಿಂತ ಮನೆಯ ಸ್ಥಿತಿ ಇಷ್ಟೇ.

ಚಿತ್ರಶಾಳಾ ಮುದ್ರಣಾಲಯವು ಈ ಒಂದು ಕಂಬದ ಬದಲು ಸಾವಿರ ಕೊಳ್ಳುಗರನ್ನು ನಿಲ್ಲಿಸಲು ಹೊರಟಿತು. ದೇವತೆಗಳ ಚಿತ್ರಗಳೂ ನಾನಾ ಫಡಣವೀಸರಂಥ ಮರಾಠರ ಇತಿಹಾಸಪುರುಷರ ಚಿತ್ರಗಳೂ ಬಣ್ಣದಲ್ಲಿ ಅಚ್ಚಾಗಿ ಮನೆಮನೆಗೆ ಹೋದುವು. ಅರಸನೊಬ್ಬನು ನೂರಾರು ರೂಪಾಯಿ ತೆರುವ ಬದಲು ನೂರಾರು ಜನ ಆಣೆಗಳನ್ನು ತೆರುವುದು ಈ ವ್ಯಾಪಾರದ ಜೀವ. ಇದೇ ತತ್ತ್ವವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದವರು ರಾಜಾ ರವಿವರ್ಮರು. ಸಂಸ್ಥಾನಿಕರ ಆಶ್ರಯದಲ್ಲಿ ಬೆಳೆದ ಈ ಚಿತ್ರಕಾರರಿಗೆ, ಚಿತ್ರಗಳನ್ನು ಓಲಿಯೋಗ್ರಾಫುಗಳಾಗಿ ಮುದ್ರಿಸಿ ಜನಸಾಮಾನ್ಯರಿಗೆ ತಲುಪಿಸಬೇಕೆಂದು ಸಲಹೆಯಿತ್ತವರು ಸರ್ ಟಿ. ಮಾಧವರಾಯರು. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವರ ಮುದ್ರಣಾಲಯವು ಕೆಲವು ವರ್ಷಗಳಲ್ಲಿ ಪುಣೆ ಜಿಲ್ಲೆಯ ಲೋಣಾವಳೆಯ ಬಳಿಯಿರುವ ಮಳವಲಿಗೆ ಸ್ಥಳಾಂತರವಾಯಿತು. ಚಿತ್ರಗಳು ಹಿಂದೂಸ್ಥಾನದ ಗೋಡೆಗೋಡೆಯನ್ನೂ ತುಂಬಿದುವು. ಆದರೆ ಚಿತ್ರಕಾರನ ಕೈಗೆ ಬಂದುದು ಸಾಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಮುದ್ರಣಾಲಯ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಪಾಲಾಯಿತು. ರವಿವರ್ಮರು ತಮ್ಮ ಕೊನೆಯ ದಿನಗಳಲ್ಲಿ ಮತ್ತೆ ಮೈಸೂರಿನ ಅರಮನೆಗಾಗಿ ಪೌರಾಣಿಕ ಚಿತ್ರಮಾಲೆಯನ್ನು ಬರೆದುಕೊಟ್ಟರೆಂಬುದು ಇಲ್ಲಿ ಗಮನಾರ್ಹವಾಗಿದೆ. ಅಂದರೆ, ಅಚ್ಚಿನ ವ್ಯಾಪಾರಕ್ಕೆ ಕೈಹಾಕಿದ ಚಿತ್ರಕಾರನನ್ನು ಕೊನೆಯಲ್ಲಿ ಪೊರೆದುದು ಹಳೆಯ ಅರಮನೆಯೇ.

ಅರಮನೆಯಲ್ಲಿ ನಷ್ಟ ಆಶ್ರಯದಾತನದು, ಆಯ್ಕೆಯೂ ಅವನದೇ. ಅಚ್ಚಿನ ವ್ಯಾಪಾರದಲ್ಲಿ ಕೊಳ್ಳುಗರು ಸಾವಿರಾರು ಮಂದಿಯಾದರೂ ಯಂತ್ರ, ಕಾಗದ, ಸಾಗಾಟಗಳ ನಷ್ಟ ಬಂಡವಾಳ ಹೂಡಿದವನದು. ಚಿತ್ರಕಾರನೇ ಬಂಡವಾಳಗಾರನಾದರೆ ಅವನು ಕುಂಚವನ್ನು ಬಿಟ್ಟು ಲೆಕ್ಕದ ಪುಸ್ತಕ ಹಿಡಿಯಬೇಕು. ಅಲ್ಲದೆ ಸಾವಿರ ಜನರು ಒಪ್ಪುವ ಮುಖವನ್ನೇ ಅವನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಕನ್ನಡ ನಾಡಿನವರೇ ಆದ ಕಲಬುರ್ಗಿಯ ಎಸ್. ಎಂ. ಪಂಡಿತರು (೧೯೧೬–೧೯೯೩) ಮುಂಬಯಿಯಲ್ಲಿ ಚಲಚ್ಚಿತ್ರಗಳ ಪ್ರಚಾರಚಿತ್ರಗಳನ್ನೂ ಕ್ಯಾಲೆಂಡರಿನ ಪುರಾಣಚಿತ್ರಗಳನ್ನೂ ಬರೆದು ಅಪಾರ ಜನಪ್ರಿಯತೆಯನ್ನು ಗಳಿಸಿದರು. ಅವರ ಚಿತ್ರಗಳನ್ನು ನೋಡದ ಮನೆಯಿರಲಿಲ್ಲ. ಆದರೆ ವಿಮರ್ಶಕರ ಗ್ರಂಥಗಳಲ್ಲಿ ಅವರಿಗೆ ಬಹುಕಾಲ ತಕ್ಕ ಸ್ಥಾನ ದೊರೆಯಲಿಲ್ಲ. ಜನರ ಗೋಡೆಯನ್ನು ಗೆದ್ದವನು ವಿದ್ವಾಂಸರ ಗೋಡೆಯನ್ನು ಕಳೆದುಕೊಂಡನು. ಇದು ಪಂಡಿತರ ಕೈಯ ದೋಷವಲ್ಲ. ಅವರು ಹಿಡಿದ ಮಾರಾಟದ ಮಾರ್ಗವನ್ನು ನೋಡಿ ಅವರ ಕಲೆಯನ್ನು ಅಳೆದ ವಿಮರ್ಶೆಯ ದೋಷ.

೩

ಸ್ವಾತಂತ್ರ್ಯಾನಂತರ ಈ ಎರಡು ಮಾರ್ಗಗಳ ನಡುವೆ ಮೂರನೆಯದೊಂದು ತೆರೆದುಕೊಂಡಿತು. ಪುಣೆಯ ಸ್ಥಿತಿಯನ್ನು ಅರಿಯಬೇಕಾದರೆ ಮೊದಲು ಮುಂಬಯಿಯನ್ನು ನೋಡಬೇಕು. ಏಕೆಂದರೆ ಪುಣೆಯ ಚಿತ್ರಕಾರನ ಪೇಟೆ ಬಹುಮಟ್ಟಿಗೆ ಅಲ್ಲಿಯೇ ಇತ್ತು.

ಮುಂಬಯಿಯ ಬಾಂಬೆ ಆರ್ಟ್ ಸೊಸೈಟಿ ೧೮೮೮ರಿಂದಲೂ ವಾರ್ಷಿಕ ಪ್ರದರ್ಶನಗಳನ್ನು ನಡೆಸುತ್ತ ಬಂದಿದ್ದರೂ, ನಗರದಲ್ಲಿ ಚಿತ್ರಪ್ರದರ್ಶನಕ್ಕೆಂದೇ ಕಟ್ಟಿದ ಸಾರ್ವಜನಿಕ ಭವನದ ಕೊರತೆ ಬಹುಕಾಲ ಉಳಿದಿತ್ತು. ೧೯೫೨ರಲ್ಲಿ ಸರ್ ಕಾವಸಜಿ ಜಹಾಂಗೀರರ ದಾನದಿಂದ ಜಹಾಂಗೀರ್ ಆರ್ಟ್ ಗ್ಯಾಲರಿ ಎದ್ದು ನಿಂತಿತು. ದಾನಿಯನ್ನು ಈ ಕಾರ್ಯಕ್ಕೆ ಪ್ರೇರಿಸಿದವರಲ್ಲಿ ಇಬ್ಬರ ಹೆಸರು ಮುಖ್ಯವಾದುದು: ವಿಜ್ಞಾನಿ ಹೋಮಿ ಭಾಭಾ ಮತ್ತು ಚಿತ್ರಕಾರ ಕೆ. ಕೆ. ಹೆಬ್ಬಾರ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕನ್ನಡ ನಾಡಿನ ಚಿತ್ರಕಾರನೊಬ್ಬನು ಪರನಾಡಿನ ಮಹಾನಗರಕ್ಕೆ ಅದರ ಅತ್ಯಂತ ಪ್ರಸಿದ್ಧ ಚಿತ್ರಶಾಲೆಯನ್ನು ದೊರಕಿಸಿಕೊಡುವುದರಲ್ಲಿ ಪಾಲುಗಾರನಾದನೆಂಬುದು ವಲಸೆ ಕನ್ನಡಿಗರು ಮರೆಯಬಾರದ ಸಂಗತಿ.

ಹೆಬ್ಬಾರರ ಬಾಳು ಸ್ವತಂತ್ರ ಚಿತ್ರಕಾರನ ಅರ್ಥಶಾಸ್ತ್ರಕ್ಕೆ ಒಳ್ಳೆಯ ನಿದರ್ಶನ. ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ೧೯೪೦ರಿಂದ ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರಾಗಿದ್ದು, ಅನಂತರ ಚಿತ್ರವನ್ನೇ ನಂಬಿ ನಿಂತವರು ಅವರು. ಮೊದಲು ದಕ್ಷಿಣದ ಹಳ್ಳಿಗಳ ಬಿಸಿಲು, ಬಳಿಕ ಪ್ಯಾರಿಸ್ಸಿನ ಅಭ್ಯಾಸದ ಫಲವಾದ ರೂಪಸಂಕ್ಷೇಪ, ಅನಂತರ ನೃತ್ಯದ ಲಯವನ್ನು ಹಿಡಿಯುವ ರೇಖೆ, ಮುಂದೆ ಅಂತರಿಕ್ಷಯಾನದ ಕಾಲಕ್ಕೆ ಸಲ್ಲುವ ವರ್ಣಸಂಯೋಜನೆ, ಹೀಗೆ ಅವರ ಶೈಲಿ ಹಲವು ಸಲ ಮಗ್ಗುಲು ಬದಲಾಯಿಸಿತು. ಒಬ್ಬನೇ ಆಶ್ರಯದಾತನಿಗೆ ಕಟ್ಟುಬಿದ್ದವನಿಗೆ ಇದು ಸುಲಭವಲ್ಲ. ಕ್ಯಾಲೆಂಡರಿನ ಸಾವಿರ ಕೊಳ್ಳುಗರಿಗೆ ಕಟ್ಟುಬಿದ್ದವನಿಗಂತೂ ಅಸಾಧ್ಯ. ಶಿಕ್ಷಣದಲ್ಲಿ ಒಂದಷ್ಟು, ಸಂಸ್ಥೆಗಳ ಖರೀದಿಯಲ್ಲಿ ಒಂದಷ್ಟು, ಪ್ರದರ್ಶನಗಳಲ್ಲಿ ಒಂದಷ್ಟು ಎಂಬಂತೆ ಆದಾಯದ ಮೂಲ ಹಲವಾದಾಗಲೇ ಚಿತ್ರಕಾರನು ತನ್ನ ಚಿತ್ರವನ್ನು ಬದಲಿಸಬಲ್ಲನು. ಭಾಭಾ ಅವರು ತಮ್ಮ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಹೊಸ ಚಿತ್ರಕಾರರ ಕೃತಿಗಳನ್ನು ಕೊಂಡು ಕೂಡಿಸತೊಡಗಿದುದು ಈ ದೃಷ್ಟಿಯಿಂದ ಮಹತ್ವದ್ದು. ವಿಜ್ಞಾನದ ಸಂಸ್ಥೆಯ ಗೋಡೆಗಳು ಅಂದಿನ ಚಿತ್ರಕಾರರಿಗೆ ಅನ್ನವಾದುವು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಗುರುತಿಸಬೇಕು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಗ್ಯಾಲರಿ ಎಂಬ ಒಂದೇ ಶಬ್ದದಿಂದ ಎರಡು ಬೇರೆ ವಸ್ತುಗಳನ್ನು ಹೆಸರಿಸುತ್ತಾರೆ. ಚಿತ್ರಕಾರನು ಬಾಡಿಗೆ ಕೊಟ್ಟು ಏಳೆಂಟು ದಿನ ತನ್ನ ಚಿತ್ರಗಳನ್ನು ತೂಗುಹಾಕುವ ಸಭಾಂಗಣ ಒಂದು ಬಗೆಯದು. ವ್ಯಾಪಾರಿಯೊಬ್ಬನು ತಾನೇ ಚಿತ್ರಕಾರನನ್ನು ಆರಿಸಿ, ತನ್ನ ಖರ್ಚಿನಿಂದ ಪ್ರದರ್ಶನ ಏರ್ಪಡಿಸಿ, ಮಾರಾಟವಾದ ಬೆಲೆಯಲ್ಲಿ ದಲಾಲಿ ಪಡೆಯುವ ಸಂಸ್ಥೆ ಇನ್ನೊಂದು ಬಗೆಯದು. ಜಹಾಂಗೀರಿನ ಮುಖ್ಯ ಸಭಾಂಗಣಗಳು ಮೊದಲನೆಯ ಬಗೆಯವು. ಅದೇ ಕಟ್ಟಡದ ಮೊದಲನೆಯ ಮಹಡಿಯಲ್ಲಿ ೧೯೬೩ರಲ್ಲಿ ಕೇಕೂ ಗಾಂಧಿ ಮತ್ತು ಖೋರ್ಶೆದ್ ಗಾಂಧಿ ದಂಪತಿಗಳು ತೆರೆದ ಗ್ಯಾಲರಿ ಕೆಮೋಲ್ಡ್, ಅದೇ ವರ್ಷ ಫ್ಲೋರಾ ಫೌಂಟನಿನ ಬಳಿ ಕಾಲಿ ಪಂಡೋಲ್ ಅವರು ತೆರೆದ ಪಂಡೋಲ್ ಗ್ಯಾಲರಿ ಎರಡನೆಯ ಬಗೆಯವು. ಗಾಂಧಿಯವರು ಮೂಲತಃ ಚಿತ್ರಗಳಿಗೆ ಕಟ್ಟು ಹಾಕುವ ಪಟ್ಟಿಗಳನ್ನು ತಯಾರಿಸುವ ಉದ್ಯಮಿ. ಕಟ್ಟಿನ ಅಂಗಡಿಯಲ್ಲಿ ಹೊಸಬರ ಚಿತ್ರಗಳನ್ನು ತೂಗುಹಾಕುತ್ತ ಚಿತ್ರವ್ಯಾಪಾರಿಯಾದವರು. ಕಟ್ಟನ್ನು ಮಾರುವವನು ಕಟ್ಟಿನೊಳಗಿನದನ್ನು ನಂಬಿ ಹಣ ಹಾಕಿದುದರಿಂದಲೇ ಭಾರತದ ಆಧುನಿಕ ಚಿತ್ರವ್ಯಾಪಾರಕ್ಕೆ ಬುನಾದಿ ಬಿದ್ದಿತು.

೪

ಇನ್ನು ಪುಣೆಗೆ ಬರಬಹುದು. ೧೯೬೮ರಲ್ಲಿ ಪುಣೆ ನಗರಪಾಲಿಕೆಯ ಬಾಲಗಂಧರ್ವ ರಂಗಮಂದಿರವು ಜಂಗಲಿ ಮಹಾರಾಜ ರಸ್ತೆಯಲ್ಲಿ ತೆರೆಯಿತು. ಅದರೊಳಗೆ ಗೋಪಾಳ ದೇವೂಸ್ಕರರು ಬರೆದ ಬಾಲಗಂಧರ್ವರ ಚಿತ್ರಗಳೆರಡಿವೆ. ಒಂದರಲ್ಲಿ ಪುರುಷವೇಷ, ಇನ್ನೊಂದರಲ್ಲಿ ಸ್ತ್ರೀವೇಷ. ಅದೇ ಕಟ್ಟಡದಲ್ಲಿ ಚಿತ್ರಪ್ರದರ್ಶನಕ್ಕಾಗಿ ಬಾಡಿಗೆಗೆ ದೊರೆಯುವ ಕಲಾದಾಲನವೂ ಇದೆ. ಬರೆಸಿಕೊಂಡ ಚಿತ್ರ ಶಾಶ್ವತವಾಗಿ ಗೋಡೆಯ ಮೇಲೆ. ಬರೆದು ತಂದ ಚಿತ್ರ ಬಾಡಿಗೆ ತೀರುವ ತನಕ ಗೋಡೆಯ ಮೇಲೆ. ಹಳೆಯ ಆಶ್ರಯ ಪದ್ಧತಿಯೂ ಹೊಸ ಬಾಡಿಗೆ ಪದ್ಧತಿಯೂ ಒಂದೇ ಸೂರಿನಡಿ ಅಕ್ಕಪಕ್ಕದಲ್ಲಿ ನಿಂತಿವೆ. ಘೋಲೆ ರಸ್ತೆಯಲ್ಲಿರುವ ನಗರಪಾಲಿಕೆಯ ಇನ್ನೊಂದು ಕಲಾದಾಲನಕ್ಕೆ ರಾಜಾ ರವಿವರ್ಮರ ಹೆಸರನ್ನಿಟ್ಟಿದ್ದಾರೆ. ಚಿತ್ರವ್ಯಾಪಾರದಲ್ಲಿ ನಷ್ಟವನ್ನು ತಾನೇ ಹೊತ್ತ ಚಿತ್ರಕಾರನ ಹೆಸರು, ನಷ್ಟವನ್ನು ಚಿತ್ರಕಾರನೇ ಹೊರುವ ಸಭಾಂಗಣಕ್ಕೆ ಒಪ್ಪುವಂತಿದೆ.

ಇಂಥ ಸಭಾಂಗಣಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಹೆಸರಿಲ್ಲದ ಹೊಸಬನಿಗೆ ಅವು ಗೋಡೆಯನ್ನು ಕೊಡುತ್ತವೆ. ಸಾಮಾನ್ಯ ನಾಗರಿಕನು ಅಂಜದೆ ಒಳಗೆ ಬರಬಹುದಾದ ಬಾಗಿಲನ್ನು ತೆರೆದಿಡುತ್ತವೆ. ಆದರೆ ಅವು ಆರಿಸುವುದಿಲ್ಲ, ಮಾರುವುದಿಲ್ಲ, ನೆನಪಿಡುವುದೂ ಇಲ್ಲ. ವಾರ ತೀರಿದ ಮರುದಿನ ಆ ಗೋಡೆಯ ಮೇಲೆ ಬೇರೊಬ್ಬನ ಚಿತ್ರಗಳು ಬರುತ್ತವೆ. ಮೊದಲಿನವನನ್ನು ಕೇಳಿಕೊಂಡು ಬಂದ ಕೊಳ್ಳುಗನಿಗೆ ವಿಳಾಸ ಹೇಳುವವರೂ ಇರುವುದಿಲ್ಲ. ಪುಣೆಯಲ್ಲಿ ಖಾಸಗಿ ಚಿತ್ರವ್ಯಾಪಾರಿಗಳು ಇಲ್ಲವೆಂದಲ್ಲ. ಆದರೆ ಮುಂಬಯಿಗೆ ಹೋಲಿಸಿದರೆ ಈ ನಗರದಲ್ಲಿ ಬಾಡಿಗೆಯ ಗೋಡೆಯೇ ಪ್ರಧಾನ, ವ್ಯಾಪಾರಿಯ ಗೋಡೆ ಗೌಣ.

ವ್ಯಾಪಾರಿಯ ದಲಾಲಿಯು ಸಾಮಾನ್ಯವಾಗಿ ಬೆಲೆಯ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಇರುತ್ತದೆ. ಇದನ್ನು ಕೇಳಿದೊಡನೆ ಶೋಷಣೆಯೆಂದು ಹೇಳುವುದು ವಾಡಿಕೆ. ಈ ಅಭಿಪ್ರಾಯವನ್ನು ಒಂದು ಕಲ್ಪಿತ ಲೆಕ್ಕದಿಂದ ಪರೀಕ್ಷಿಸಬಹುದು. ಚಿತ್ರಕಾರನೊಬ್ಬನು ತಲಾ ೨೦,೦೦೦ ರೂಪಾಯಿ ಬೆಲೆಯ ೨೫ ಚಿತ್ರಗಳನ್ನು ಪ್ರದರ್ಶಿಸುವನೆಂದೂ, ಕ್ಯಾನ್ವಾಸು, ಬಣ್ಣ, ಕಟ್ಟುಗಳಿಗೆ ೫೦,೦೦೦ ರೂಪಾಯಿ, ಸಭಾಂಗಣದ ಬಾಡಿಗೆ, ಆಮಂತ್ರಣ, ಸಾಗಾಟಗಳಿಗೆ ಇನ್ನೊಂದು ೫೦,೦೦೦ ರೂಪಾಯಿ ತಗಲುವುದೆಂದೂ ಇಟ್ಟುಕೊಳ್ಳೋಣ. ಬಾಡಿಗೆಯ ಸಭಾಂಗಣದಲ್ಲಿ ಎರಡೂ ಖರ್ಚು ಅವನವೇ. ಅರ್ಧ ದಲಾಲಿಯ ವ್ಯಾಪಾರಿಯ ಬಳಿ ಮೊದಲನೆಯ ಖರ್ಚು ಮಾತ್ರ ಅವನದು, ಎರಡನೆಯದು ವ್ಯಾಪಾರಿಯದು.

ಐದು ಚಿತ್ರಗಳು ಮಾರಾಟವಾದರೆ ಸಭಾಂಗಣದಲ್ಲಿ ಒಂದು ಲಕ್ಷ ಬಂದು ಒಂದು ಲಕ್ಷ ಹೋಗುತ್ತದೆ. ವ್ಯಾಪಾರಿಯ ಬಳಿ ಐವತ್ತು ಸಾವಿರ ಬಂದು ಐವತ್ತು ಸಾವಿರ ಹೋಗುತ್ತದೆ. ಎರಡು ಕಡೆಯೂ ಉಳಿಯುವುದು ಸೊನ್ನೆ. ಹತ್ತು ಚಿತ್ರ ಮಾರಿದರೆ ಸಭಾಂಗಣದಲ್ಲಿ ಒಂದು ಲಕ್ಷ ಲಾಭ, ವ್ಯಾಪಾರಿಯ ಬಳಿ ಅದರ ಅರ್ಧ. ಎರಡೇ ಚಿತ್ರ ಮಾರಿದರೆ ಸಭಾಂಗಣದಲ್ಲಿ ಅರುವತ್ತು ಸಾವಿರ ನಷ್ಟ, ವ್ಯಾಪಾರಿಯ ಬಳಿ ಮೂವತ್ತು ಸಾವಿರ. ಅಂದರೆ, ಹೆಸರಾದವನಿಗೆ ಬಾಡಿಗೆಯ ಗೋಡೆ ಲಾಭಕರ, ಹೊಸಬನಿಗೆ ವ್ಯಾಪಾರಿಯ ಗೋಡೆ ಕ್ಷೇಮಕರ. ದಲಾಲಿ ಎಂಬುದು, ನಷ್ಟದಲ್ಲಿ ಪಾಲುಗಾರನಾಗುವುದಕ್ಕಾಗಿ ಚಿತ್ರಕಾರನು ವ್ಯಾಪಾರಿಗೆ ತೆರುವ ಬೆಲೆ. ಈ ಅರ್ಥದಲ್ಲಿ ಅದು ನ್ಯಾಯವಾದುದು. ಆದರೆ ಅರ್ಧ ದಲಾಲಿಯನ್ನೂ ಪಡೆದು, ಬಾಡಿಗೆ, ಮುದ್ರಣ, ಸಾಗಾಟಗಳನ್ನೂ ಚಿತ್ರಕಾರನ ಮೇಲೆಯೇ ಹೇರುವ ಗ್ಯಾಲರಿಯು ಲಾಭದಲ್ಲಿ ಪಾಲುಗಾರ, ನಷ್ಟದಲ್ಲಿ ಮನೆಯೊಡೆಯ. ಶೋಷಣೆ ಎಂಬ ಮಾತು ಸಲ್ಲುವುದು ಅಲ್ಲಿಯೇ.

ದುರ್ದೈವದಿಂದ ಈ ಲೆಕ್ಕದ ಕಟು ಭಾಗ ಇನ್ನೂ ಉಳಿದಿದೆ. ಯಾರಿಗೆ ವ್ಯಾಪಾರಿಯ ಅಗತ್ಯ ಹೆಚ್ಚೋ ಅಂಥ ಹೊಸಬನನ್ನು ವ್ಯಾಪಾರಿಯು ಆರಿಸುವುದು ವಿರಳ. ಯಾರನ್ನು ಅವನು ಆರಿಸಲು ಬಯಸುವನೋ ಅಂಥ ಹೆಸರಾದವನಿಗೆ ವ್ಯಾಪಾರಿಯ ಅಗತ್ಯ ಕಡಿಮೆ. ಆದುದರಿಂದ ಹೊಸಬನ ನಷ್ಟ ಹೊಸಬನಿಗೇ ಉಳಿಯುತ್ತದೆ. ಅವನು ಅದನ್ನು ತುಂಬಿಕೊಳ್ಳುವುದು ಬೇರೆ ದುಡಿಮೆಯಿಂದ.

ಈ ಬೇರೆ ದುಡಿಮೆಯ ಮಾರ್ಗಕ್ಕೆ ಪುಣೆಯಲ್ಲಿಯೇ ಒಂದು ಸ್ಮರಣೀಯ ನಿದರ್ಶನವಿದೆ. ೧೯೩೫ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಅಲ್ಲಿಯ ಕೆ. ಬಿ. ಕುಲಕರ್ಣಿಯವರಲ್ಲಿ ಚಿತ್ರಕಲೆ ಕಲಿತ ರವಿ ಪರಾಂಜಪೆಯವರು, ಮುಂಬಯಿಯಲ್ಲಿಯೂ ಕೆಲಕಾಲ ನೈರೋಬಿಯಲ್ಲಿಯೂ ಜಾಹೀರಾತು ಮತ್ತು ಪತ್ರಿಕೆಗಳಿಗೆ ಚಿತ್ರ ಬರೆದು, ವಾಸ್ತುಶಿಲ್ಪಿಗಳಿಗೆ ಕಟ್ಟಡಗಳ ಭಾವೀ ರೂಪವನ್ನು ಬಣ್ಣದಲ್ಲಿ ತೋರಿಸಿಕೊಟ್ಟು, ಆ ದುಡಿಮೆಯ ಬಲದಿಂದ ಮುಂದೆ ತಮ್ಮ ಸ್ವಂತ ಚಿತ್ರಗಳಿಗೆ ತಿರುಗಿದರು. ಪುಣೆಯಲ್ಲಿ ನೆಲಸಿ, ೨೦೨೨ರಲ್ಲಿ ಅಲ್ಲಿಯೇ ತೀರಿಕೊಂಡರು. ಆಧುನಿಕ ಕಲೆಯ ಪ್ರಚಲಿತ ಪ್ರವಾಹವನ್ನು ಅವರು ಬಹಿರಂಗವಾಗಿ ವಿರೋಧಿಸಿದವರು. ಅಲಂಕಾರವೂ ಆಕೃತಿಯೂ ಚಿತ್ರಕ್ಕೆ ಭೂಷಣವೆಂದು ಸಾಧಿಸಿದವರು. ಅವರ ವಾದವನ್ನು ಪೂರ್ಣವಾಗಿ ಒಪ್ಪಬೇಕಾಗಿಲ್ಲ. ಆದರೆ ಪ್ರವಾಹಕ್ಕೆ ಎದುರಾಗಿ ಈಜುವ ಧೈರ್ಯ, ಗ್ಯಾಲರಿಯ ಕೃಪೆಗೆ ಕಾಯಬೇಕಾಗಿಲ್ಲದ ಆದಾಯದಿಂದ ಬಲಗೊಂಡಿತೆಂಬುದನ್ನು ಒಪ್ಪಲೇಬೇಕು. ಇದಕ್ಕೆ ಅವರು ತೆತ್ತ ಬೆಲೆಯೂ ಇದೆ: ಬಾಳಿನ ಅತ್ಯಂತ ಚುರುಕಾದ ದಶಕಗಳು ಇತರರ ಅಪ್ಪಣೆಯ ಕೆಲಸಕ್ಕೆ ಸಂದುವು. ನಷ್ಟದ ಪಾಲುಗಾರನಿಲ್ಲದ ಚಿತ್ರಕಾರನು ನಷ್ಟವನ್ನು ಹಣದಲ್ಲಿ ತುಂಬದಿದ್ದರೆ ಆಯುಷ್ಯದಲ್ಲಿ ತುಂಬುತ್ತಾನೆ.

೫

ವ್ಯಾಪಾರಿಗೂ ಚಿತ್ರಕಾರನಿಗೂ ನಡುವಿನ ಧರ್ಮ ಪರಸ್ಪರವಾದುದು. ಗ್ಯಾಲರಿಯಲ್ಲಿ ೨೦,೦೦೦ ರೂಪಾಯಿಗೆ ಇಟ್ಟ ಚಿತ್ರದಂಥದನ್ನೇ ಮನೆಯ ಬಾಗಿಲಲ್ಲಿ ೧೦,೦೦೦ಕ್ಕೆ ಕೊಡುವ ಚಿತ್ರಕಾರನು ವ್ಯಾಪಾರಿಯನ್ನು ಮಾತ್ರವಲ್ಲ, ಮೊದಲು ಕೊಂಡ ರಸಿಕನನ್ನೂ ವಂಚಿಸುತ್ತಾನೆ. ತನ್ನ ಬೆಲೆಯನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ವ್ಯಾಪಾರಿಯ ಪಕ್ಷದಲ್ಲಿ, ಒಪ್ಪಿಸಿದ ಚಿತ್ರಗಳ ಪಟ್ಟಿ, ಬೆಲೆ, ದಲಾಲಿಯ ಪ್ರಮಾಣ, ಹಣ ಸಲ್ಲಿಸುವ ಅವಧಿ, ಚಿತ್ರ ಕೆಟ್ಟರೆ ಹೊಣೆ ಯಾರದು ಎಂಬ ಐದು ಸಂಗತಿಗಳನ್ನು ಬರಹದಲ್ಲಿ ಕೊಡದವನು ನಂಬಿಕೆಗೆ ಅರ್ಹನಲ್ಲ. ಬಾಯಿಮಾತಿನ ವಿಶ್ವಾಸ ಮಿತ್ರರಲ್ಲಿ ಚೆನ್ನ. ವ್ಯವಹಾರದಲ್ಲಿ ಅದು ಮೈತ್ರಿಯನ್ನೂ ಕೆಡಿಸುತ್ತದೆ.

ಕಾಯಿದೆಯು ಚಿತ್ರಕಾರನಿಗೆ ಕೊಟ್ಟಿರುವ ಹಕ್ಕುಗಳ ಪರಿಚಯ ಚಿತ್ರಕಾರರಿಗೇ ಸಾಲದೆನ್ನಬೇಕು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಚಿತ್ರವನ್ನು ಮಾರಿದೊಡನೆ ಕೃತಿಸ್ವಾಮ್ಯವೂ ಮಾರಾಟವಾಗುವುದಿಲ್ಲ. ಕೊಂಡವನು ಚಿತ್ರವನ್ನು ಗೋಡೆಗೆ ಹಾಕಬಹುದು. ಕ್ಯಾಲೆಂಡರಿಗೆ ಹಾಕಲು ಚಿತ್ರಕಾರನ ಅನುಮತಿ ಬೇಕು. ಆದರೆ ಹಣ ಕೊಟ್ಟು ಬರೆಯಿಸಿಕೊಂಡ ಚಿತ್ರದ ವಿಷಯ ಬೇರೆ. ಅಲ್ಲಿ ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ ಬರೆಯಿಸಿದವನೇ ಮೊದಲ ಸ್ವಾಮಿ. ಬರೆದು ಮಾರುವುದಕ್ಕೂ 'ಬರೆದುಕೊಡು' ಎಂದಾಗ ಬರೆಯುವುದಕ್ಕೂ ಇರುವ ಅಂತರವನ್ನು ಕಾಯಿದೆಯೂ ಮನ್ನಿಸಿದೆ. ೧೯೯೪ರ ತಿದ್ದುಪಡಿಯಿಂದ ಸೇರಿದ ೫೩–ಎ ಎಂಬ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೂಲಚಿತ್ರವು ೧೦,೦೦೦ ರೂಪಾಯಿಗೆ ಮೀರಿದ ಬೆಲೆಗೆ ಮರುಮಾರಾಟವಾದರೆ, ಆ ಬೆಲೆಯಲ್ಲಿ ಶೇಕಡಾ ೧೦ಕ್ಕೆ ಮೀರದ ಪಾಲು ಚಿತ್ರಕಾರನಿಗೆ ಅಥವಾ ಅವನ ವಾರಸುದಾರರಿಗೆ ಸಲ್ಲಬೇಕೆಂದು ಅದು ವಿಧಿಸುತ್ತದೆ. ಬರಹದಲ್ಲಿ ಇದು ಉದಾತ್ತವಾದ ನಿಯಮ. ಆಚರಣೆಯಲ್ಲಿ ಕಾಣಸಿಗುವುದು ವಿರಳ.

ಇದರ ಅಗತ್ಯವನ್ನು ಒಂದು ಉದಾಹರಣೆ ತೋರಿಸಿಕೊಡುತ್ತದೆ. ಎಂ. ಎಫ್. ಹುಸೇನರು ೧೯೫೪ರಲ್ಲಿ ಬರೆದ ‘ಗ್ರಾಮಯಾತ್ರಾ’ ಎಂಬ ದೊಡ್ಡ ಚಿತ್ರವನ್ನು ದಿಲ್ಲಿಯಲ್ಲಿದ್ದ ವಿದೇಶೀಯ ವೈದ್ಯರೊಬ್ಬರು ಕೊಂಡು ನಾರ್ವೆಗೆ ಒಯ್ದರು. ಮುಂದೆ ಅದು ಓಸ್ಲೋ ನಗರದ ಆಸ್ಪತ್ರೆಯೊಂದಕ್ಕೆ ಸೇರಿತು. ೨೦೨೫ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು ೧೩೦ ಲಕ್ಷ ಡಾಲರುಗಳಿಗೂ ಮೀರಿದ ಬೆಲೆಗೆ ಹೋಯಿತು. ಚಿತ್ರಕಾರ ೨೦೧೧ರಲ್ಲಿಯೇ ತೀರಿಕೊಂಡಿದ್ದರು. ಸಾಗರದಾಚೆಯ ಹರಾಜಿಗೆ ಈ ದೇಶದ ಕಲಮು ತಲುಪದು. ಚಿತ್ರ ಬೆಲೆಯಿಲ್ಲದಿದ್ದಾಗಿನ ನಷ್ಟವನ್ನು ಚಿತ್ರಕಾರನು ಹೊತ್ತನು. ಬೆಲೆ ಬಂದಾಗಿನ ಲಾಭ ಬೇರೆಡೆಗೆ ಹರಿಯಿತು. ಇಂಥ ಸುದ್ದಿಗಳನ್ನು ಓದಿ, ಚಿತ್ರಕಾರರು ಕೋಟ್ಯಧೀಶರಾಗುತ್ತಿದ್ದಾರೆಂದು ತಿಳಿಯುವುದು ಸುದ್ದಿಯನ್ನು ತಲೆಕೆಳಗಾಗಿ ಓದಿದಂತೆ.

೬

ಕೊನೆಗೆ ಉಳಿಯುವ ಪ್ರಶ್ನೆ ರಸಿಕನದು. ವ್ಯಾಪಾರಿಯು ಹೊಸಬನನ್ನು ಆರಿಸಲು ಹಿಂಜರಿಯುವುದೇಕೆ? ಹೊಸ ಚಿತ್ರ ಒಳ್ಳೆಯದೆಂದು ಹೇಳಬಲ್ಲ, ಹೇಳಿದರೆ ನಾಲ್ಕು ಜನ ನಂಬುವ ಅಭಿಪ್ರಾಯ ನಗರದಲ್ಲಿ ಇಲ್ಲದಿರುವುದರಿಂದ. ಅಭಿಪ್ರಾಯವಿಲ್ಲದ ಕಡೆ ಹಳೆಯ ಹೆಸರು ಅಥವಾ ಹಳೆಯ ಬೆಲೆ ಅದರ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ.

ಪುಣೆಯ ಕನ್ನಡಿಗರಿಗೆ ಈ ಮಾತು ಹತ್ತಿರದ ಹೋಲಿಕೆಯೊಂದರಿಂದ ವಿಶದವಾಗಬಹುದು. ಕುಂದಗೋಳದ ರಾಮಚಂದ್ರರಾಯರು ಸವಾಯಿ ಗಂಧರ್ವರೆನಿಸಿ ೧೯೫೨ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು ಗುರುವಿನ ಹೆಸರಿನಲ್ಲಿ ಆರಂಭಿಸಿದ ಸಂಗೀತೋತ್ಸವವು ಇಂದು ದೇಶದ ಅಗ್ರಗಣ್ಯ ಉತ್ಸವಗಳಲ್ಲಿ ಒಂದು. ಕನ್ನಡ ನಾಡಿನ ಕಂಠಗಳಿಗೆ ಪುಣೆ ಹಣವನ್ನೂ ಕೊಟ್ಟಿತು, ಕಿವಿಯನ್ನೂ ಕೊಟ್ಟಿತು. ಚಿತ್ರಕಾರನಿಗೆ ಇದೇ ನಗರ ಏಕೆ ಹಾಗೆ ಒದಗಲಿಲ್ಲ? ಕಛೇರಿಯನ್ನು ಸಾವಿರ ಜನ ಒಟ್ಟಿಗೆ ಕೇಳಿ ಸಾವಿರ ಪಾಲಾಗಿ ಹಣ ತೆರುತ್ತಾರೆ; ಅದೇ ರಾಗವನ್ನು ನಾಳೆ ಮತ್ತೆ ಹಾಡಬಹುದು. ಚಿತ್ರ ಒಂದೇ, ಕೊಳ್ಳುವವನೂ ಒಬ್ಬನೇ. ಮಾರಿದ ಮೇಲೆ ಅದು ಒಂದು ಮನೆಯೊಳಗೆ ಸೇರಿಹೋಗುತ್ತದೆ. ಇದು ನಿಜವಾದ ಭೇದವೇ. ಆದರೆ ಇನ್ನೊಂದು ಕಾರಣವೂ ಇದೆ. ಸಂಗೀತೋತ್ಸವವು ಟಿಕೀಟು ಮಾರಿತಲ್ಲದೆ ಶ್ರೋತೃವನ್ನು ಬೆಳೆಸಿತು. ಹೊಸ ಗಾಯಕನು ಅಲ್ಲಿ ಹಾಡಿದರೆ ಮರುದಿನ ಅವನ ಗುಣದೋಷಗಳ ಚರ್ಚೆ ಚಹಾದ ಅಂಗಡಿಯಲ್ಲಿಯೂ ನಡೆಯುತ್ತದೆ. ಹೊಸ ಚಿತ್ರಕಾರನ ಪ್ರದರ್ಶನ ಮುಗಿದ ಮರುದಿನ ಅಂಥ ಚರ್ಚೆ ಕೇಳಿಬರುವುದಿಲ್ಲ. ಅತಿಥಿಗಳ ಪುಸ್ತಕದಲ್ಲಿ ‘ಬಹಳ ಚೆನ್ನಾಗಿದೆ’ ಎಂಬ ಒಂದು ಸಾಲು ಉಳಿಯುತ್ತದೆ.

ಈ ಕೊರತೆಯನ್ನು ತುಂಬುವುದು ನಗರಪಾಲಿಕೆಯಿಂದಾಗಲಿ ವ್ಯಾಪಾರಿಯಿಂದಾಗಲಿ ಆಗುವ ಕೆಲಸವಲ್ಲ. ಪರನಾಡಿನ ಕನ್ನಡ ಸಂಘಗಳು ಸಾಹಿತ್ಯ, ಸಂಗೀತ, ನಾಟಕಗಳಿಗೆ ವೇದಿಕೆಯನ್ನು ಕಟ್ಟಿವೆ. ಚಿತ್ರವನ್ನು ಮಾತ್ರ ಬಹುಮಟ್ಟಿಗೆ ವೇದಿಕೆಯ ಹಿಂದಿನ ಪರದೆಯಾಗಿಯೇ ಬಳಸಿವೆ. ಸಂಘದ ಸಭಾಗೃಹದ ಗೋಡೆಗೆ ವರ್ಷಕ್ಕೆ ಒಂದೇ ಒಂದು ಚಿತ್ರವನ್ನು, ಹೊಸಬನಿಂದ, ಪೂರ್ಣ ಬೆಲೆ ಕೊಟ್ಟು, ಕಾರಣವನ್ನು ಬರಹದಲ್ಲಿ ಪ್ರಕಟಿಸಿ ಕೊಳ್ಳುವ ಪದ್ಧತಿಯನ್ನು ಹಾಕಿಕೊಂಡರೆ ಎರಡು ಪ್ರಯೋಜನಗಳಾಗುತ್ತವೆ. ಚಿತ್ರಕಾರನ ನಷ್ಟದಲ್ಲಿ ಸಮಾಜವು ಸ್ವಲ್ಪವಾದರೂ ಪಾಲು ಹೊರುತ್ತದೆ. ಆರಿಸಿದ ಕಾರಣವನ್ನು ಬರೆದು ತಿಳಿಸಬೇಕಾದುದರಿಂದ ಆರಿಸುವವರ ಕಣ್ಣೂ ಹರಿತವಾಗುತ್ತದೆ. ಆಯ್ಕೆ ಕೆಲವು ಸಲ ತಪ್ಪಬಹುದು. ವಿಜ್ಞಾನ ಸಂಸ್ಥೆಯೊಂದು ತನ್ನ ಗೋಡೆಗಾಗಿ ಹೊಸಬರ ಚಿತ್ರಗಳನ್ನು ಕೊಂಡಾಗಲೂ ಎಲ್ಲ ಆಯ್ಕೆಗಳು ಸರಿಯೆನಿಸುವುವೆಂಬ ಭರವಸೆ ಯಾರಿಗೂ ಇರಲಿಲ್ಲ.

ಮಾಲವಿಕೆಯ ಚಿತ್ರವನ್ನು ಬರೆದ ಆಚಾರ್ಯನ ಹೆಸರು ಉಳಿಯದಿದ್ದರೂ ಅವನ ಊಟಕ್ಕೆ ಕೊರತೆಯಿರಲಿಲ್ಲ. ಇಂದಿನ ಸ್ವತಂತ್ರ ಚಿತ್ರಕಾರನಿಗೆ ಚಿತ್ರದ ಮೂಲೆಯಲ್ಲಿ ಹೆಸರು ಬರೆದುಕೊಳ್ಳುವ ಹಕ್ಕಿದೆ, ಊಟದ ಭರವಸೆಯಿಲ್ಲ. ಈ ಎರಡನ್ನೂ ಒಂದೆಡೆ ಕೂಡಿಸುವ ಚಿತ್ರಶಾಲೆ ಪುಣೆಯಲ್ಲಿ ಇನ್ನೂ ಕಟ್ಟಬೇಕಾಗಿದೆ.